ಆಪ್ತರೂ ಅಲ್ಲ, ಸಮಾಲೋಚಕರೂ ಅಲ್ಲ

ಕೌನ್ಸೆಲರ್ ಎಂಬ ಇಂಗ್ಲಿಷ್ ಪದಕ್ಕೆ ನಮ್ಮಲ್ಲಿ 'ಆಪ್ತ ಸಮಾಲೋಚಕ' ಅಂತ ಒಂದು ಚೆಂದದ ಮಾತಿದೆ. ಊರಿಗೆ ಹೋದಾಗ ಸರಕಾರಿ ಆಸ್ಪತ್ರೆಯ ಕೋಣೆಯೊಂದರ ಬಾಗಿಲ ಮೇಲೆ ಇದನ್ನು ಓದಿದಾಗಲೆಲ್ಲ, ಯಾರು ಮಾಡಿದರೋ ಈ ಅನುವಾದ, ಅವರ ಹೊಟ್ಟೆ ತಣ್ಣಗಿರಲಿ ಅಂದುಕೊಳ್ಳುತ್ತೇನೆ. ಮೂಲದಲ್ಲಿ ಇಲ್ಲದ 'ಆಪ್ತ'ವನ್ನು ಸೇರಿಸಿ ಅವರು ಆ ಕೆಲಸದ ಅರ್ಧ ವಿವರಣೆಯನ್ನೇ ಕೊಟ್ಟುಬಿಟ್ಟಿದ್ದಾರೆ. ನನ್ನ ಜಗಳ ಇರುವುದು ಈ ಹೆಸರನ್ನು ಕದ್ದವರ ಜೊತೆ.

ಮುಂಬಯಿ, ಠಾಣೆ ಕಡೆಯ ದೊಡ್ಡ ಹೆರಿಗೆ ಆಸ್ಪತ್ರೆಗಳ ಹೊರರೋಗಿ ವಿಭಾಗದಲ್ಲಿ ಒಂದು ಗಂಟೆ ಕುಳಿತು ನೋಡಿ. ಕುತ್ತಿಗೆಗೆ ಬಿಲ್ಲೆ ತೂಗಿಸಿಕೊಂಡ ಒಬ್ಬರು ಬರುತ್ತಾರೆ. ಬಿಲ್ಲೆಯ ಮೇಲೆ 'ಕೌನ್ಸೆಲರ್'. ಏಳನೇ ತಿಂಗಳ ಬಸುರಿ, ಪಕ್ಕದಲ್ಲಿ ಲ್ಯಾಪ್‌ಟಾಪ್ ಚೀಲ ಹೊತ್ತ ಗಂಡ. ಅವರ ಮುಂದೆ ಬಣ್ಣದ ಪುಸ್ತಕ ತೆರೆದುಕೊಳ್ಳುತ್ತದೆ. ಮಗುವಿನ ಹೊಕ್ಕುಳಬಳ್ಳಿಯ ರಕ್ತವನ್ನು ಎಸೆಯಬೇಡಿ, ಅದರಲ್ಲಿ ಸ್ಟೆಮ್ ಸೆಲ್‌ಗಳಿವೆ (ಪತ್ರಿಕೆಯವರು ಆಕರಕೋಶ ಎನ್ನುತ್ತಾರೆ), ನಮ್ಮ ಬ್ಯಾಂಕಿನಲ್ಲಿ ಇಡಿ, 21 ವರ್ಷ ಬೇಕೋ 75 ವರ್ಷ ಬೇಕೋ ನೀವೇ ಆರಿಸಿ, ಎಂಬತ್ತು ಕಾಯಿಲೆಗೆ ರಾಮಬಾಣ, ಕಂತಿನಲ್ಲೂ ಕಟ್ಟಬಹುದು. ಒಟ್ಟು ಲೆಕ್ಕ ಅರ್ಧ ಲಕ್ಷ ದಾಟುತ್ತದೆ. ಕೊನೆಗೆ ಒಂದು ಮಾತು ಇರುತ್ತದೆ, ಅದೇ ಇವರ ಬ್ರಹ್ಮಾಸ್ತ್ರ: ನಾಳೆ ಮಗುವಿಗೆ ಏನಾದರೂ ಆದರೆ ಆಗ ಪಶ್ಚಾತ್ತಾಪ ಪಟ್ಟು ಪ್ರಯೋಜನ ಇಲ್ಲ, ಈ ಅವಕಾಶ ಜೀವಮಾನದಲ್ಲಿ ಒಂದೇ ಸಲ.

ಹೆದರಿಸಿ ಮಾರುವುದಕ್ಕೆ ಸಮಾಲೋಚನೆ ಅಂತ ಹೆಸರು! ಆಪ್ತ ಅಂತೆ!

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರಲ್ಲ. ಕುಂದಾಪುರದ ಕಡೆಯಿಂದ ಬಂದು ಈ ಮಹಾನಗರದ ಆಸ್ಪತ್ರೆಯೊಂದರ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಮೂವತ್ತೊಂದು ವರ್ಷ ಟೆಕ್ನಿಶಿಯನ್ ಆಗಿ ಕೆಲಸ ಮಾಡಿ ನಿವೃತ್ತಳಾದವಳು. ಜೀವಕೋಶಗಳ ಬಗ್ಗೆ ನನಗಿರುವುದು ಭಕ್ತಿ ಅಂದರೂ ತಪ್ಪಲ್ಲ. ಆದ್ದರಿಂದ 'ವಿಜ್ಞಾನ ವಿರೋಧಿ' ಎಂಬ ಬೈಗುಳವನ್ನು ಬೇರೆ ಯಾರಿಗಾದರೂ ಎತ್ತಿಡಿ.

ಈ ವಿಜ್ಞಾನದ ಕಥೆ ನಿಜಕ್ಕೂ ದೊಡ್ಡದು. 1961ರಲ್ಲಿ ಕೆನಡಾದ ಟೊರಾಂಟೊದಲ್ಲಿ ಜೇಮ್ಸ್ ಟಿಲ್ ಮತ್ತು ಅರ್ನೆಸ್ಟ್ ಮೆಕಲಕ್ ಎಂಬಿಬ್ಬರು, ವಿಕಿರಣದಿಂದ ಮಜ್ಜೆ ಸುಟ್ಟುಹೋದ ಇಲಿಗಳಿಗೆ ಬೇರೆ ಇಲಿಯ ಮಜ್ಜೆ ಕೊಟ್ಟು, ಅವುಗಳ ಗುಲ್ಮದ ಮೇಲೆ ಎದ್ದ ಸಣ್ಣ ಗಂಟುಗಳನ್ನು ಎಣಿಸಿದರು. ಒಂದೊಂದು ಗಂಟೂ ಒಂದೇ ಒಂದು ತಾಯಿಕೋಶದ ಸಂತಾನ ಅಂತ ಮುಂದೆ ಸಾಬೀತಾಯಿತು. ರಕ್ತದ ಬೇರು ಎಲ್ಲಿದೆ ಎಂದು ಗೊತ್ತಾದದ್ದು ಹಾಗೆ. ನಮ್ಮ ಮುಂಬಯಿಯ ಟಾಟಾ ಮೆಮೋರಿಯಲ್‌ನಲ್ಲಿ 1983ರಲ್ಲೇ ಭಾರತದ ಮೊದಲ ಅಸ್ಥಿಮಜ್ಜೆ ಕಸಿ ನಡೆಯಿತು. ಇನ್ನು 1988ರಲ್ಲಿ ಪ್ಯಾರಿಸ್‌ನ ಸೇಂಟ್ ಲೂಯಿ ಆಸ್ಪತ್ರೆಯಲ್ಲಿ ಎಲಿಯಾನ್ ಗ್ಲುಕ್‌ಮನ್ ಅವರ ತಂಡ, ಫ್ಯಾಂಕೋನಿ ಅನೀಮಿಯಾ ಎಂಬ ಹುಟ್ಟುರೋಗ ಇದ್ದ ಅಮೆರಿಕದ ಐದು ವರ್ಷದ ಹುಡುಗನಿಗೆ ಹೊಕ್ಕುಳಬಳ್ಳಿಯ ರಕ್ತ ಕೊಟ್ಟು ಗುಣಪಡಿಸಿತು. ಜಗತ್ತಿನಲ್ಲೇ ಮೊದಲು. ಬಣ್ಣದ ಪುಸ್ತಕದವರು ಈ ಕಥೆಯನ್ನು ಹೇಳುತ್ತಾರೆ. ಆದರೆ ಒಂದು ಸಾಲು ನುಂಗಿಬಿಡುತ್ತಾರೆ. ಆ ರಕ್ತ ಹುಡುಗನದ್ದಲ್ಲ, ಆಗಷ್ಟೇ ಹುಟ್ಟಿದ ಅವನ ತಂಗಿಯದ್ದು.

ಇಡೀ ವ್ಯಾಪಾರ ನಿಂತಿರುವುದು ನುಂಗಿದ ಈ ಸಾಲಿನ ಮೇಲೆ. ಥಲಸ್ಸೇಮಿಯಾದಂಥ ರೋಗ ಬರುವುದು ಜೀನ್‌ನಲ್ಲಿರುವ ದೋಷದಿಂದ. ಆ ದೋಷ ಮಗುವಿನ ಮೈಯ ಪ್ರತಿ ಕೋಶದಲ್ಲೂ ಇರುತ್ತದೆ, ಹೊಕ್ಕುಳಬಳ್ಳಿಯ ರಕ್ತದಲ್ಲೂ. ಕೆಟ್ಟ ಬೀಜವನ್ನೇ ಜೋಪಾನವಾಗಿ ತೆಗೆದಿಟ್ಟು, ಬೆಳೆ ಹಾಳಾದಾಗ ಅದನ್ನೇ ಮತ್ತೆ ಬಿತ್ತಿದರೆ ಏನು ಬಂದೀತು ಹೇಳಿ? ಮಕ್ಕಳ ರಕ್ತದ ಕ್ಯಾನ್ಸರಿನಲ್ಲೂ ಎಷ್ಟೋ ಸಲ ಕ್ಯಾನ್ಸರಿನ ಮೊದಲ ಹೆಜ್ಜೆಯ ಗುರುತು ಹುಟ್ಟುವಾಗಿನ ರಕ್ತದಲ್ಲೇ ಸಿಗುತ್ತದೆ. ಅಲ್ಲಿ ಬೇಕಾಗುವುದು ಇನ್ನೊಬ್ಬರ ಆರೋಗ್ಯವಂತ ಕೋಶ. ಹಾಗಾಗಿ ಆ 'ಎಂಬತ್ತು ಕಾಯಿಲೆ'ಗಳ ಪಟ್ಟಿ ಸುಳ್ಳಲ್ಲ, ಆದರೆ ಅದರ ಬಹುಪಾಲು ಬೇರೆಯವರ ಕೋಶದಿಂದ ಗುಣವಾಗುವ ಕಾಯಿಲೆಗಳ ಪಟ್ಟಿ. ತನ್ನದೇ ರಕ್ತ ತನಗೇ ಬೇಕಾಗುವ ಸಾಧ್ಯತೆ 2,500ರಲ್ಲಿ ಒಬ್ಬರಿಂದ ಹಿಡಿದು 2 ಲಕ್ಷದಲ್ಲಿ ಒಬ್ಬರವರೆಗೆ ಅಂತ ಅಂದಾಜುಗಳಿವೆ. ಇಷ್ಟು ಸಡಿಲ ಅಂದಾಜಿನ ಮೇಲೆ ಯಾರಾದರೂ ನಿಮಗೆ ಡೊಂಬಿವಲಿಯಲ್ಲಿ ಫ್ಲ್ಯಾಟ್ ಮಾರಲು ಬಂದರೆ ಕೊಳ್ಳುತ್ತೀರಾ?

ಇದು ನನ್ನ ಸ್ವಂತ ತಲೆಯಿಂದ ಹುಟ್ಟಿದ ವಾದವಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು, ಅಂದರೆ ಐಸಿಎಂಆರ್, 2017ರ ತನ್ನ ಸ್ಟೆಮ್ ಸೆಲ್ ಮಾರ್ಗಸೂಚಿಯಲ್ಲಿ, ಮುಂದೆ ಸ್ವಂತಕ್ಕೆ ಬೇಕಾಗಬಹುದೆಂದು ಈ ರಕ್ತ ಕೂಡಿಡುವುದಕ್ಕೆ ವೈಜ್ಞಾನಿಕ ಆಧಾರ ಇಲ್ಲ ಎಂದು ಬರೆದಿದೆ. ಹಲ್ಲು, ಮಾಸು, ಮುಟ್ಟಿನ ರಕ್ತ ಕೂಡಿಡುವ ಬ್ಯಾಂಕುಗಳಿಗಂತೂ ಅನುಮತಿಯೇ ಇಲ್ಲ ಅಂದಿದೆ. 2018ರಲ್ಲಿ ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯೂ, ಇದನ್ನು 'ಜೈವಿಕ ವಿಮೆ' ಎಂದು ಮಾರುವುದು ಸರಿಯಲ್ಲ ಎಂದು ಹೇಳಿತು. ಅಮೆರಿಕದ ಮಕ್ಕಳ ವೈದ್ಯರ ಸಂಘ 2007ರಿಂದಲೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತಿದೆ. ಹೇಳಿದ್ದು ಎಲ್ಲಿ ಮುಟ್ಟಬೇಕೋ ಅಲ್ಲಿಗೆ ಮುಟ್ಟಿಲ್ಲ. ಮುಟ್ಟಿಸಬೇಕಾದ ಕುರ್ಚಿಯಲ್ಲಿ ಬ್ಯಾಂಕಿನವರೇ ಕೂತಿದ್ದಾರೆ.

ನನ್ನ ಅಕ್ಕನ ಮಗಳ ಮನೆಗೂ ಒಬ್ಬ ಬಂದಿದ್ದ. ಭಾನುವಾರ ಮಧ್ಯಾಹ್ನ, ಟೈ ಕಟ್ಟಿಕೊಂಡು, ಮೈಯೆಲ್ಲ ಬೆವರು. "ಚಿಕ್ಕಮ್ಮ, ನೀವೂ ಇದ್ದರೆ ಒಳ್ಳೆಯದು, ನಮಗೆ ತಲೆಬುಡ ತಿಳಿಯುವುದಿಲ್ಲ" ಅಂತ ಅವಳು ಕರೆದಿದ್ದಳು. ಅವನ ಮಾತು ಮುಗಿಯುವವರೆಗೂ ಸುಮ್ಮನಿದ್ದೆ. ಆಮೇಲೆ ಕೇಳಿದೆ, ಪಟ್ಟಿಯಲ್ಲಿ ಥಲಸ್ಸೇಮಿಯಾ ಇದೆಯಲ್ಲ, ಅದಕ್ಕೆ ಮಗುವಿನ ರಕ್ತ ಅದೇ ಮಗುವಿಗೆ ಆಗುತ್ತದಾ? ಹುಡುಗ ಪುಟ ತಿರುವಿದ, ಮತ್ತೆ ತಿರುವಿದ, ಸೀನಿಯರ್ ಹತ್ತಿರ ಕೇಳಿ ಹೇಳುತ್ತೇನೆ ಮೇಡಂ ಅಂದ. ನಿಮಗೆ ತರಬೇತಿ ಎಷ್ಟು ದಿನ ಕೊಟ್ಟರಪ್ಪ ಅಂದೆ. ನಾಲ್ಕು ದಿನ. ಎರಡು ದಿನ ಪ್ರಾಡಕ್ಟು, ಎರಡು ದಿನ ಕ್ಲೋಸಿಂಗು. ಕ್ಲೋಸಿಂಗ್ ಅಂದರೆ ಗಿರಾಕಿಯಿಂದ ಸಹಿ ಹಾಕಿಸಿಕೊಳ್ಳುವ ವಿದ್ಯೆ.

ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಲಾತೂರಿನ ಕಡೆಯವನು, ಬಯೋಟೆಕ್ನಾಲಜಿಯಲ್ಲಿ ಬಿ.ಎಸ್ಸಿ., ದಿವಾದಲ್ಲಿ ನಾಲ್ಕು ಜನರ ಜೊತೆ ಒಂದು ಖೋಲಿಯಲ್ಲಿ ವಾಸ. ಲ್ಯಾಬಿನ ಕೆಲಸ ಹುಡುಕಿ ಹುಡುಕಿ ಸಾಕಾಗಿ ಇದಕ್ಕೆ ಸೇರಿದ್ದಾನೆ. ಜೀವಕೋಶದ ಬಗ್ಗೆ ಮೂರು ವರ್ಷ ಓದಿದ ಹುಡುಗನ ಕೈಗೆ ಈ ದೇಶ ಕೊಟ್ಟದ್ದು ಒಂದು ಬಣ್ಣದ ಪುಸ್ತಕ ಮತ್ತು ತಿಂಗಳ ಟಾರ್ಗೆಟ್ಟು. ಸಿಟ್ಟು ಬರುವುದು ಅವನನ್ನು ಕಳಿಸಿದವರ ಮೇಲೆ, ಮತ್ತು ತಮ್ಮ ಆಸ್ಪತ್ರೆಯ ಹೊಸ್ತಿಲೊಳಗೆ ಅವರಿಗೆ ಮೇಜು ಹಾಕಿಕೊಟ್ಟ ಡಾಕ್ಟರುಗಳ ಮೇಲೆ. ಮೇಜು ಧರ್ಮಕ್ಕೆ ಹಾಕಿರುತ್ತಾರಾ? ನೀವೇ ಊಹಿಸಿ.

ದುಡ್ಡು ಹೋದರೆ ಹೋಗಲಿ ಅನ್ನುವವರಿದ್ದಾರೆ, ಐವತ್ತು ಸಾವಿರ ಈಗ ಯಾವ ಲೆಕ್ಕ ಅಂತ. ಸರಿ, ರಕ್ತದ ಲೆಕ್ಕ ಹಾಕೋಣ. ಮಗು ಹುಟ್ಟಿದ ಕೂಡಲೇ ಬಳ್ಳಿಯನ್ನು ಕತ್ತರಿಸದೆ ಸ್ವಲ್ಪ ಹೊತ್ತು ಬಿಟ್ಟರೆ, ಮಾಸಿನಲ್ಲಿರುವ ರಕ್ತ ಮಗುವಿನ ಮೈಗೆ ಇಳಿಯುತ್ತದೆ. ಅದರ ಜೊತೆಗೆ ಮುಂದಿನ ತಿಂಗಳುಗಳಿಗೆ ಬೇಕಾದ ಕಬ್ಬಿಣವೂ. ಒಂದು ನಿಮಿಷಕ್ಕೆ ಮೊದಲು ಕತ್ತರಿಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2018ರಲ್ಲಿ ಶುರುವಾದ ಕೇಂದ್ರ ಸರಕಾರದ 'ಅನೀಮಿಯಾ ಮುಕ್ತ ಭಾರತ' ಕಾರ್ಯಕ್ರಮ ಕನಿಷ್ಠ ಮೂರು ನಿಮಿಷ, ಇಲ್ಲವೇ ಬಳ್ಳಿಯ ಮಿಡಿತ ನಿಲ್ಲುವ ತನಕ ಕಾಯಿರಿ ಎನ್ನುತ್ತದೆ. ನನ್ನ ಅಜ್ಜಿ ಇದನ್ನೇ ಯಾವ ಮಾರ್ಗಸೂಚಿಯೂ ಇಲ್ಲದೆ ಹೇಳುತ್ತಿದ್ದರು. ಬಳ್ಳಿ 'ತಣಿದ' ಮೇಲೆಯೇ ಕತ್ತಿ ಮುಟ್ಟಬೇಕು ಅಂತ. ಬಾಟಲಿ ತುಂಬಬೇಕಾದ ಬ್ಯಾಂಕಿಗೆ ಈ ಕಾಯುವಿಕೆ ಇಷ್ಟವಾಗುತ್ತದೆಯೇ? ಮೂರು ನಿಮಿಷ ಬಿಟ್ಟರೆ ಬಳ್ಳಿಯಲ್ಲಿ ಉಳಿಯುವುದು ಕಡಿಮೆ. ಎರಡೂ ಆಗುತ್ತದೆ ಎಂದು ಅವರು ಹೇಳುತ್ತಾರೆ. ಮಗುವಿಗೆ ಇಳಿದ ರಕ್ತವೇ ಚೀಲಕ್ಕೂ ಇಳಿಯುವುದು ಯಾವ ಗಣಿತ ಮಾರಾಯ್ರೆ?

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 67 ಮಕ್ಕಳಿಗೆ ರಕ್ತಹೀನತೆ. ಇಂಥ ದೇಶದಲ್ಲಿ ಹುಟ್ಟಿದ ಮಗುವಿಗೆ ಸಲ್ಲಬೇಕಾದದ್ದನ್ನು ದ್ರವ ಸಾರಜನಕದ ಹಂಡೆಗೆ ಹಾಕಿ, ಅದಕ್ಕೆ ಬಾಡಿಗೆಯನ್ನೂ ಕಟ್ಟುತ್ತೇವೆ. ಹಂಡೆಯ ಗ್ಯಾರಂಟಿ ಎಷ್ಟೆಂಬುದನ್ನು ಸಿಂಗಾಪುರದವರನ್ನು ಕೇಳಿ. 2023ರ ನವೆಂಬರಿನಲ್ಲಿ ಅಲ್ಲಿನ ಆರೋಗ್ಯ ಸಚಿವಾಲಯ, ಕಾರ್ಡ್‌ಲೈಫ್ ಎಂಬ ಕಂಪನಿಯ ಏಳು ಹಂಡೆಗಳಲ್ಲಿ ತಣ್ಣನೆ ಇರಬೇಕಾದಷ್ಟು ಇರಲಿಲ್ಲ, ಸುಮಾರು 2,200 ಮಕ್ಕಳ ರಕ್ತ ಹಾಳಾಗಿದೆ ಎಂದು ಪ್ರಕಟಿಸಿತು. ಶಿಸ್ತಿಗೆ ಹೆಸರಾದ ಊರಿನ ಕಥೆ ಇದು.

ಈಗ ಆ ಕಡೆಯ ವಾದಗಳನ್ನೂ ನೋಡೋಣ. ಮನೆಯಲ್ಲಿ ಈಗಾಗಲೇ ಕಸಿ ಬೇಕಾದ ಒಂದು ಮಗು ಇದ್ದು, ತಾಯಿ ಮತ್ತೆ ಬಸುರಿಯಾಗಿದ್ದರೆ ಆ ರಕ್ತವನ್ನು ಖಂಡಿತ ತೆಗೆದಿಡಬೇಕು. ಐಸಿಎಂಆರ್ ಕೂಡ ಹಾಗೇ ಹೇಳುತ್ತದೆ, ನಾನೂ ಹೇಳುತ್ತೇನೆ. ಎಲ್ಲರಿಗೂ ಸಲ್ಲುವ ಸಾರ್ವಜನಿಕ ಬ್ಯಾಂಕಿಗೆ ದಾನ ಕೊಡುವುದು ಪುಣ್ಯದ ಕೆಲಸ, ನ್ಯೂಯಾರ್ಕಿನಲ್ಲಿ ತೊಂಬತ್ತರ ದಶಕದ ಮೊದಲಿಗೆ ಅಂಥದ್ದು ಶುರುವಾಗಿ ಸಾವಿರಾರು ಜನಕ್ಕೆ ಉಪಯೋಗವಾಗಿದೆ. 'ಮುಂದೆ ವಿಜ್ಞಾನ ಎಲ್ಲಿಗೋ ಹೋಗುತ್ತದೆ, ಆಗ ಬೇಕಾಗಬಹುದು' ಎನ್ನುವ ಮೂರನೇ ವಾದವೇ ಹೆಚ್ಚು ಮರುಳು ಮಾಡುವಂಥದ್ದು. ವಿಜ್ಞಾನ ಮುಂದೆ ಹೋಗಿಯೇ ಬಿಟ್ಟಿದೆ. 2023ರ ನವೆಂಬರಿನಲ್ಲಿ ಬ್ರಿಟನ್ನಿನಲ್ಲಿ ಕ್ಯಾಸ್‌ಜೆವಿ ಎಂಬ ಜೀನ್ ಚಿಕಿತ್ಸೆಗೆ ಒಪ್ಪಿಗೆ ಸಿಕ್ಕಿತು, ಥಲಸ್ಸೇಮಿಯಾ ಮತ್ತು ಕುಡಗೋಲು ಕೋಶದ ಕಾಯಿಲೆಗೆ. ಅದರಲ್ಲಿ ರೋಗಿಯದೇ ಸ್ಟೆಮ್ ಸೆಲ್ ಬಳಸುತ್ತಾರೆ, ನಿಜ. ಆದರೆ ಆ ಕೋಶಗಳನ್ನು ತೆಗೆಯುವುದು ಚಿಕಿತ್ಸೆಯ ಹೊತ್ತಿಗೆ, ರೋಗಿಯ ತೋಳಿನ ರಕ್ತದಿಂದ. ಹಳೆಯ ಹಂಡೆಯ ಹತ್ತಿರ ಯಾರೂ ಹೋಗುವುದಿಲ್ಲ. ಆಟಿಸಂ ಅಂತ ಆಸೆ ತೋರಿಸುವವರಿಗೆ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ 2020ರ ಪರೀಕ್ಷೆಯ ಫಲಿತಾಂಶ ಸಾಕು. ಬಳ್ಳಿಯ ರಕ್ತ ಪಡೆದ ಮಕ್ಕಳಲ್ಲಿ, ಅವರು ಮೊದಲೇ ಗೊತ್ತುಮಾಡಿಕೊಂಡ ಮುಖ್ಯ ಅಳತೆಯಲ್ಲಿ ಸುಧಾರಣೆ ಕಾಣಲಿಲ್ಲ.

ಸರಿ, ಹಾಗಾದರೆ ಇದನ್ನೆಲ್ಲ ಬಸುರಿಗೆ ಹೇಳಬೇಕಾದವರು ಯಾರು? ನನ್ನ ನಿಜವಾದ ತಕರಾರು ಇಲ್ಲಿಂದ ಶುರು.

ಜೆನೆಟಿಕ್ ಕೌನ್ಸೆಲಿಂಗ್ ಎಂಬ ಮಾತನ್ನು 1947ರಲ್ಲಿ ಹುಟ್ಟುಹಾಕಿದವರು ಅಮೆರಿಕದ ಮಿನೆಸೋಟದ ಶೆಲ್ಡನ್ ರೀಡ್. 1969ರಲ್ಲಿ ನ್ಯೂಯಾರ್ಕ್ ರಾಜ್ಯದ ಸಾರಾ ಲಾರೆನ್ಸ್ ಕಾಲೇಜು ಇದಕ್ಕೆ ಸ್ನಾತಕೋತ್ತರ ತರಗತಿಯನ್ನೇ ತೆರೆಯಿತು. ಅಲ್ಲಿ ಕಲಿಸುವುದರಲ್ಲಿ ಅರ್ಧ ಜೀವಕೋಶ, ಜೀನ್. ಇನ್ನರ್ಧ, ಎದುರಿಗೆ ಕೂತವರ ಮಾತು ಕೇಳುವುದು. ಹೀಗೇ ಮಾಡಿ ಅಂತ ಹೇಳದಿರುವುದು. ಅವರ ಭಯವನ್ನು ಇಳಿಸುವುದು, ಅವರದೇ ನಿರ್ಧಾರಕ್ಕೆ ಅವರನ್ನು ಮುಟ್ಟಿಸುವುದು. ನಾಲ್ಕು ದಿನದ ಕ್ಲೋಸಿಂಗಿಗೆ ಇದು ತದ್ವಿರುದ್ಧ ವಿದ್ಯೆ.

ನಮಗೆ ಇದು ಬರುವುದಿಲ್ಲ ಅಂತಲ್ಲ. ಎಚ್‌ಐವಿ ಬಂದಾಗ ಈ ದೇಶ ಸಾವಿರಾರು ಆಪ್ತ ಸಮಾಲೋಚಕರನ್ನು ತಯಾರು ಮಾಡಿತು. ನಮ್ಮ ದೇವನಾರಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ 'ಸಕ್ಷಮ್' ಎಂಬ ಯೋಜನೆಯಲ್ಲಿ ಅವರ ತರಬೇತಿಯ ದೊಡ್ಡ ಕೆಲಸ ಮಾಡಿತು. 2017ರ ಎಚ್‌ಐವಿ ಕಾನೂನು ಬಂದ ಮೇಲೆ ಪರೀಕ್ಷೆಗೆ ಮೊದಲೂ ಆಮೇಲೂ ಸಮಾಲೋಚನೆ ಇರಲೇಬೇಕು. ಅಂಗ ಕಸಿಯ ಕಾನೂನಿಗೆ 2011ರಲ್ಲಿ ಆದ ತಿದ್ದುಪಡಿಯಂತೆ ಕಸಿ ಸಂಯೋಜಕರಿಲ್ಲದ ಆಸ್ಪತ್ರೆಗೆ ನೋಂದಣಿಯೇ ಇಲ್ಲ. ಅಂದರೆ ಕಿಡ್ನಿ ಕೇಳುವುದಕ್ಕೆ ತರಬೇತಾದವರು ಬೇಕು. ಹೆರಿಗೆ ಕೋಣೆಯ ಬಾಗಿಲಲ್ಲಿ ರಕ್ತ ಕೇಳುವುದಕ್ಕೆ ಟೈ ಇದ್ದರೆ ಸಾಕು! ಆ ಎಚ್‌ಐವಿ ಸಮಾಲೋಚಕರನ್ನಾದರೂ ಚೆನ್ನಾಗಿ ನೋಡಿಕೊಂಡೆವಾ ಅಂದರೆ, ಅವರೆಲ್ಲ ವರ್ಷವರ್ಷವೂ ಗುತ್ತಿಗೆ ನವೀಕರಣಕ್ಕೆ ಕಾಯುವ ಜನ. ಅದು ಇನ್ನೊಂದು ಕಥೆ, ಇರಲಿ.

ಸಮಾಲೋಚಕರಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ನಾನು ಲ್ಯಾಬಿನ ಕಿಟಕಿಯಿಂದ ನೋಡಿದ್ದೇನೆ. ನಮ್ಮಲ್ಲಿ ನೂರಕ್ಕೆ ಮೂರ್ನಾಲ್ಕು ಜನ ಥಲಸ್ಸೇಮಿಯಾದ ವಾಹಕರು. ಅವರಿಗೆ ಏನೂ ಕಾಯಿಲೆ ಇರುವುದಿಲ್ಲ. ಗಂಡ ಹೆಂಡತಿ ಇಬ್ಬರೂ ವಾಹಕರಾದರೆ ಮಾತ್ರ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು, ಹುಟ್ಟುವ ಮಗುವಿಗೆ ಕಾಯಿಲೆ ಬರುವ ಸಂಭವ. ಎರಡು ಮೂರು ವಾರಕ್ಕೊಮ್ಮೆ ರಕ್ತ ಏರಿಸಬೇಕು, ಏರಿಸಿದ ರಕ್ತದ ಕಬ್ಬಿಣ ತೆಗೆಯಲು ಮತ್ತೆ ಔಷಧ, ಜೀವನಪೂರ್ತಿ. ದೇಶದಲ್ಲಿ ವರ್ಷಕ್ಕೆ ಸುಮಾರು 10,000ದಿಂದ 12,000 ಮಕ್ಕಳು ಹೀಗೆ ಹುಟ್ಟುತ್ತಾರೆ. ಸಿಂಧಿ, ಕಚ್ಛಿ ಜನರಲ್ಲಿ ವಾಹಕರು ಜಾಸ್ತಿ, ಹಾಗಾಗಿ ಉಲ್ಲಾಸನಗರ, ಮುಲುಂಡ್ ಕಡೆಯ ಸ್ಯಾಂಪಲ್‌ಗಳು ನಮಗೆ ಸಾಕಷ್ಟು ಬರುತ್ತಿದ್ದವು.

ಇದನ್ನು ಹಿಡಿಯುವುದು ಎಷ್ಟು ಸುಲಭ ಗೊತ್ತಾ? ನೆಸ್ಟ್ರಾಫ್ಟ್ ಅಂತ ಒಂದು ಪರೀಕ್ಷೆ. ಒಂದು ಗಾಜಿನ ನಳಿಕೆ, ಅದರಲ್ಲಿ ತೆಳ್ಳಗಿನ ಉಪ್ಪುನೀರು, ಒಂದು ಹನಿ ರಕ್ತ. ಅರ್ಧ ಗಂಟೆ ಬಿಟ್ಟು, ಕಪ್ಪು ಗೆರೆ ಎಳೆದ ಬಿಳಿ ಕಾಗದದ ಮುಂದೆ ಹಿಡಿಯಬೇಕು. ಗೆರೆ ಸ್ಪಷ್ಟ ಕಂಡರೆ ಸರಿ. ಕಾಣದಿದ್ದರೆ ಸಂಶಯ. ಆಗ ಯಂತ್ರದಲ್ಲಿ ಹಿಮೋಗ್ಲೋಬಿನ್ ಎ2 ಅಳೆಯುತ್ತೇವೆ, ಸಾಮಾನ್ಯವಾಗಿ ಅದು 3.5 ಶೇಕಡಾ ದಾಟಿದರೆ ವಾಹಕ. ಬಳ್ಳಿರಕ್ತದ ಪ್ಯಾಕೇಜಿನ ಒಂದು ಕಂತಿನ ದುಡ್ಡಿನಲ್ಲಿ ಗಂಡ ಹೆಂಡತಿ ಇಬ್ಬರದ್ದೂ ಆಗುತ್ತದೆ.

ಆದರೆ ಯಂತ್ರ ಬಾಯಿ ಬಿಟ್ಟು ಮಾತಾಡುವುದಿಲ್ಲವಲ್ಲ. ಐದನೇ ತಿಂಗಳಲ್ಲಿ ಬಂದ ಒಂದು ಹುಡುಗಿಯ ವರದಿಯನ್ನು ಅವಳ ಅತ್ತೆ ಕಿಟಕಿಯಲ್ಲೇ ಬಿಡಿಸಿ ಓದಿದಳು. ಕೆಂಪು ಅಕ್ಷರದ 'ಟ್ರೇಟ್' ಎಂಬ ಪದ ನೋಡಿ, ರೋಗಿಷ್ಟೆಯನ್ನು ನಮ್ಮ ಮಗನಿಗೆ ಕಟ್ಟಿದರು ಅಂತ ಅಲ್ಲೇ ಕೂಗಾಡಿದಳು. ಹುಡುಗಿ ಗೋಡೆಗೆ ಒರಗಿ ನಿಂತಿದ್ದಳು. ಗಂಡನ ರಕ್ತ ಪರೀಕ್ಷಿಸದೆ ಈ ವರದಿಗೆ ಅರ್ಥವೇ ಇಲ್ಲ ಅಂತ ಹೇಳುವ ಒಬ್ಬರೂ ಆ ಕಟ್ಟಡದಲ್ಲಿ ಇರಲಿಲ್ಲ. ವರದಿಯ ಬಗ್ಗೆ ಮಾತಾಡುವುದು ಟೆಕ್ನಿಶಿಯನ್ ಕೆಲಸವಲ್ಲ ಎಂಬ ನಿಯಮ ಮುರಿದು ನಾನೇ ಹೊರಗೆ ಹೋಗಿ ನನ್ನ ಹರಕು ಹಿಂದಿಯಲ್ಲಿ ಹೇಳಿದೆ. ಗಂಡನನ್ನು ಪರೀಕ್ಷೆಗೆ ಕಳಿಸಲು ಅವರು ಒಪ್ಪಲಿಲ್ಲ. ಗಂಡಸಿಗೆ ಯಾಕೆ ಪರೀಕ್ಷೆ ಅಂದರು. ಆಮೇಲೆ ಅವರು ಬರಲೇ ಇಲ್ಲ. ಅದೇ ಆಸ್ಪತ್ರೆಯ ಕೆಳಮಹಡಿಯಲ್ಲಿ ಬಳ್ಳಿರಕ್ತದ ಕೌನ್ಸೆಲರ್ ದಿನಾ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಬಂದು ಕೂರುತ್ತಿದ್ದರು. ಆ ಕುರ್ಚಿ ಒಂದು ದಿನವೂ ಖಾಲಿ ಇದ್ದದ್ದನ್ನು ನಾನು ಕಾಣೆ.

ಆದ್ದರಿಂದ ನನ್ನ ಬೇಡಿಕೆ ಸಣ್ಣದು. ಮಾರುವವರು ಕೌನ್ಸೆಲರ್ ಎಂಬ ಬಿಲ್ಲೆ ಹಾಕಿಕೊಳ್ಳುವುದು ಅಪರಾಧವಾಗಲಿ, ಡಾಕ್ಟರಲ್ಲದವರು ಡಾಕ್ಟರ್ ಬಿಲ್ಲೆ ಹಾಕಿಕೊಂಡಂತೆ. ಮೇಜು ಹಾಕಿಕೊಟ್ಟ ಆಸ್ಪತ್ರೆ ತನಗೆ ಅದರಿಂದ ಎಷ್ಟು ಬರುತ್ತದೆ ಎಂಬುದನ್ನು ಅದೇ ಮೇಜಿನ ಮೇಲೆ ಬರೆದು ಅಂಟಿಸಲಿ. ಒಪ್ಪಂದದ ಮೊದಲ ಪುಟದಲ್ಲಿ ಐಸಿಎಂಆರ್ ಹೇಳಿದ್ದನ್ನು ಗಿರಾಕಿಯ ಭಾಷೆಯಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚು ಮಾಡಲಿ. ಸಿಗರೇಟಿನ ಪೊಟ್ಟಣದ ಮೇಲೆ ಮಾಡುವುದಿಲ್ಲವೇ ಹಾಗೆ. ಮತ್ತು ಲಾತೂರಿನ ಆ ಹುಡುಗನಂಥ ಬಯೋಟೆಕ್ನಾಲಜಿ ಓದಿದವರಿಗೆ ಎರಡು ವರ್ಷದ ನಿಜವಾದ ಸಮಾಲೋಚನೆಯ ತರಬೇತಿ ಕೊಟ್ಟು, ಜಿಲ್ಲಾ ಆಸ್ಪತ್ರೆಯಲ್ಲಿ ಕಾಯಂ ಕುರ್ಚಿ ಹಾಕಿ ಕೂರಿಸಲಿ. ಸಂಬಳ ಸರಕಾರದ್ದು, ಟಾರ್ಗೆಟ್ ಇಲ್ಲ.

ಅದೆಲ್ಲ ಆಗುವವರೆಗೆ ನಮ್ಮ ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದಿನ ಕನ್ನಡದ ಮನೆಗಳಿಗೆ, ಅದರಲ್ಲೂ ಅಮ್ಮ ಅತ್ತೆ ಇಬ್ಬರೂ ಊರಲ್ಲೇ ಇದ್ದು, ಕೇಳುವುದಕ್ಕೆ ಯಾರೂ ಇಲ್ಲದೆ ಇಬ್ಬರೇ ಬಾಡಿಗೆ ಮನೆಯಲ್ಲಿ ಕೂತು ನಿರ್ಧರಿಸುವ ಮಕ್ಕಳಿಗೆ ಹೇಳುವುದಿಷ್ಟು. ಫೈಲು ಹಿಡಿದು ಬಂದವರಿಗೆ ನೀರು ಕೊಡಿ, ಬಿಸಿಲಲ್ಲಿ ಬಂದಿರುತ್ತಾರೆ. ಆಮೇಲೆ ಕೇಳಿ: ನಿಮಗೆ ಸಂಬಳ ಕೊಡುವವರು ಯಾರು? ಪಟ್ಟಿಯಲ್ಲಿರುವ ಯಾವ ಕಾಯಿಲೆಗೆ ನನ್ನ ಮಗುವಿನ ರಕ್ತ ನನ್ನ ಮಗುವಿಗೇ ಆಗುತ್ತದೆ? ಬಳ್ಳಿಯನ್ನು ಮೂರು ನಿಮಿಷ ಕತ್ತರಿಸದೆ ಬಿಟ್ಟರೆ ನಿಮ್ಮ ಚೀಲ ತುಂಬುತ್ತದಾ? ಉತ್ತರವನ್ನು ಬಾಯಲ್ಲಿ ಬೇಡ, ಬರೆದು ಸಹಿ ಹಾಕಿ ಕೊಡಲಿ. ಅವರ ಕಾಗದಕ್ಕೆ ಸಹಿ ಹಾಕಲು ಒಂಬತ್ತನೇ ತಿಂಗಳವರೆಗೂ ಸಮಯ ಇದೆ. ಹಿಮೋಗ್ಲೋಬಿನ್ ಎ2 ಪರೀಕ್ಷೆಗೆ ಅಷ್ಟು ಸಮಯ ಇಲ್ಲ. ಅದನ್ನು ಮೂರು ತಿಂಗಳು ತುಂಬುವುದರೊಳಗೆ ಮಾಡಿಸಿ, ಆದರೆ ಮದುವೆಗೆ ಮೊದಲೇ ಮಾಡಿಸಿ, ಹುಡುಗನದ್ದೂ.